ಎಚ್‌.ಐ.ವಿ.ಯನ್ನು ಹಿಡಿದು ನಿಲ್ಲಿಸಿದ ಮೂರು ಔಷಧಗಳು

ಅರ್ಬುದ ರೋಗಕ್ಕೆಂದು 1964ರಲ್ಲಿ ಅಮೆರಿಕದ ಜೆರೋಮ್ ಹಾರ್ವಿಟ್ಜ್ ಎಂಬ ವಿಜ್ಞಾನಿಯು ಸಿದ್ಧಪಡಿಸಿ, ನಿರುಪಯುಕ್ತವೆಂದು ಕೈಬಿಟ್ಟಿದ್ದ ಜಿಡೋವುಡಿನ್ ಎಂಬ ರಾಸಾಯನಿಕವೇ 1987ರಲ್ಲಿ ಎಚ್‌.ಐ.ವಿ. ಸೋಂಕಿಗೆ ಮೊಟ್ಟಮೊದಲ ಔಷಧವಾಗಿ ಬಳಕೆಗೆ ಬಂದಾಗ, ಮರಣವನ್ನೇ ಎದುರುನೋಡುತ್ತಿದ್ದ ಸಹಸ್ರಾರು ರೋಗಿಗಳಲ್ಲಿ ಆಶೆಯು ಅಂಕುರಿಸಿತು. ಆದರೆ ಕೆಲವು ಕಾಲ ಕಳೆಯುವಷ್ಟರಲ್ಲಿ ವೈರಾಣುವು ಆ ಮದ್ದಿಗೆ ಮಣಿಯದೆ ಮತ್ತೆ ವೃದ್ಧಿಸತೊಡಗಿತು.

ಇದಕ್ಕೆ ಕಾರಣ ವೈರಾಣುವಿನ ಸ್ವಭಾವದಲ್ಲಿಯೇ ಅಡಗಿದೆ. ಶರೀರರಕ್ಷಣೆಗೆ ಆಧಾರಭೂತವಾದ ಸಿ.ಡಿ.4 ಜೀವಕೋಶಗಳನ್ನು ಹೊಕ್ಕು, ತನ್ನ ಆರ್‌.ಎನ್‌.ಎ.ಯನ್ನು ಡಿ.ಎನ್‌.ಎ.ಯಾಗಿ ನಕಲು ಮಾಡಿಕೊಂಡು, ಆ ನಕಲನ್ನು ಜೀವಕೋಶದ ಸ್ವಂತ ಡಿ.ಎನ್‌.ಎ.ಯೊಳಕ್ಕೆ ಹೊಲಿದುಬಿಡುವ ಈ ವೈರಾಣು, ಚಿಕಿತ್ಸೆಯಿಲ್ಲದ ದೇಹದಲ್ಲಿ ದಿನವೊಂದಕ್ಕೆ ನೂರಾರು ಕೋಟಿಯಷ್ಟು ಹುಟ್ಟುತ್ತದೆ. ನಕಲಿನಲ್ಲಿ ನುಸುಳುವ ಅಸಂಖ್ಯ ತಪ್ಪುಗಳಲ್ಲಿ ಯಾವುದೋ ಒಂದು, ಒಂಟಿ ಮದ್ದಿನಿಂದ ಪಾರಾಗುವ ದಾರಿಯನ್ನು ತೆರೆಯುತ್ತದೆ. ಮೂರು ಮದ್ದುಗಳು ಏಕಕಾಲದಲ್ಲಿ ಎರಗಿದರೋ, ಆ ಮೂರನ್ನೂ ಮೀರಬಲ್ಲ ಮಾರ್ಪಾಡುಗಳೆಲ್ಲ ಒಂದೇ ವೈರಾಣುವಿನಲ್ಲಿ ಕೂಡಿಬರುವುದು ಅಸಂಭವಪ್ರಾಯವೇ ಸರಿ. 1996ರ ಜುಲೈನಲ್ಲಿ ವ್ಯಾಂಕೂವರಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಈ ಸಂಯುಕ್ತ ಚಿಕಿತ್ಸೆಯ ಫಲಿತಾಂಶಗಳು ಪ್ರಕಟವಾದವು. ಮರುವರ್ಷವೇ ಅಮೆರಿಕದಲ್ಲಿ ಏಡ್ಸ್ ಮರಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು.

ಆಗ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲ್ಪಟ್ಟು ತಗಲುತ್ತಿದ್ದ ಈ ಚಿಕಿತ್ಸೆಯನ್ನು 2001ರಲ್ಲಿ ಮುಂಬಯಿಯ ಸಿಪ್ಲಾ ಸಂಸ್ಥೆಯ ಯೂಸುಫ್ ಹಮೀದ್ ಅವರು ದಿನಕ್ಕೆ ಒಂದು ಡಾಲರಿಗೂ ಕಡಿಮೆ ಬೆಲೆಗೆ ಕೊಡಲು ಮುಂದಾದುದು ವೈದ್ಯಚರಿತ್ರೆಯಲ್ಲಿಯೇ ಮಹತ್ಕಾರ್ಯವೆಂದು ನಾನು ಬಗೆಯುತ್ತೇನೆ. 2004ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರವು ಉಚಿತ ಚಿಕಿತ್ಸೆಯನ್ನು ಆರಂಭಿಸಿದಾಗ, ಮೊದಲು ಆಯ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿದ್ದಿತು.

ಇಂದು ಎ.ಆರ್‌.ಟಿ. ಎಂಬ ಈ ಚಿಕಿತ್ಸೆಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರೂ ಬೆರೆತ ಒಂದೇ ಮಾತ್ರೆ, ದಿನಕ್ಕೊಮ್ಮೆ ಸೇವಿಸತಕ್ಕದ್ದು. ಮೊದಲೆರಡು ನಕಲನ್ನು ತಡೆಯುತ್ತವೆ, ಮೂರನೆಯದು ಹೊಲಿಗೆಯನ್ನು. ಆದರೆ ನಿದ್ರಿಸುವಂತಿರುವ ಕೆಲವು ಜೀವಕೋಶಗಳಲ್ಲಿ ಅಡಗಿ ಕುಳಿತ ವೈರಾಣುವನ್ನು ಯಾವ ಮಾತ್ರೆಯೂ ಮುಟ್ಟಲಾರದಾದುದರಿಂದ, ಔಷಧ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಅದು ಸಾಮಾನ್ಯವಾಗಿ ಮರಳಿ ತಲೆಯೆತ್ತುತ್ತದೆ. ಆದಕಾರಣ ಮಾತ್ರೆಯನ್ನು ಜೀವನಪರ್ಯಂತ ತಪ್ಪದೆ ನುಂಗಬೇಕು. ಆಗಾಗ ತಪ್ಪಿಸುವುದೆಂದರೆ ವೈರಾಣುವಿಗೆ ಮದ್ದನ್ನು ಮೀರುವ ಪಾಠ ಹೇಳಿಕೊಟ್ಟಂತೆಯೇ.

ಹೀಗೆ ತಪ್ಪುವುದು ಬಹುಮಟ್ಟಿಗೆ ಅಲಕ್ಷ್ಯದಿಂದಲ್ಲ, ಅಂಜಿಕೆಯಿಂದ. ಮಾತ್ರೆ ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಅಡುಗೆಮನೆಯ ಬೇಳೆ ಡಬ್ಬಗಳ ಹಿಂದೆ ಬಚ್ಚಿಟ್ಟು, ಮನೆಗೆ ನೆಂಟರು ಬಂದ ದಿನ ಮಾತ್ರೆಯನ್ನೇ ಬಿಟ್ಟುಬಿಡುವ ಸೊಸೆಯನ್ನು ದೂಷಿಸಿ ಫಲವೇನು? ದೂಷಣಾರ್ಹರು ಆಕೆಯನ್ನು ಅಂಜಿಸಿದ ನಾವು.

ಅಂಜಲು ಕಾರಣವೂ ಉಳಿದಿಲ್ಲ. ಚೆನ್ನೈ, ಪುಣೆಗಳನ್ನೂ ಒಳಗೊಂಡು ಒಂಬತ್ತು ರಾಷ್ಟ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೋಂಕಿತರು ಬೇಗನೆ ಚಿಕಿತ್ಸೆ ಆರಂಭಿಸಿದಾಗ ಬಾಳಸಂಗಾತಿಗೆ ಸೋಂಕು ತಗಲುವುದು ಶೇ. 96ರಷ್ಟು ತಗ್ಗಿತು. ರಕ್ತದಲ್ಲಿ ವೈರಾಣುವು ಪರೀಕ್ಷೆಗೆ ಸಿಗದಷ್ಟು ಕುಗ್ಗಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲವೆಂಬುದು ಈಗ ನಿಸ್ಸಂದೇಹ. ತಮಗೆ ಸೋಂಕಿರಬಹುದೆಂಬ ಸಂಶಯವುಳ್ಳವರು ಸರ್ಕಾರಿ ಆಸ್ಪತ್ರೆಯ ಐ.ಸಿ.ಟಿ.ಸಿ. ಎಂಬ ಸಮಾಲೋಚನೆ ಹಾಗೂ ಪರೀಕ್ಷಾ ಕೇಂದ್ರದಲ್ಲಿ ಆಪ್ತಸಮಾಲೋಚಕರನ್ನು ಕಂಡು ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಪರೀಕ್ಷೆಯೂ ಔಷಧವೂ ಉಚಿತ, ಹೆಸರು ಗೋಪ್ಯ. ಸಹಾಯವಾಣಿಯ ಸಂಖ್ಯೆ 1097.