ಮುಂಗೈ ಇಲ್ಲದೆ ಹುಟ್ಟಿದ ಕೂಸಿನ ಪಾಲನೆ

ಗರ್ಭದಲ್ಲಿ ಭ್ರೂಣಕ್ಕೆ ನಾಲ್ಕು ವಾರ ತುಂಬುವ ಹೊತ್ತಿಗೆ ಅದರ ಪಕ್ಕಗಳಲ್ಲಿ ಕೈಗಳ ಮೊಗ್ಗುಗಳೂ, ಒಂದೆರಡು ದಿನ ತಡವಾಗಿ ಕಾಲುಗಳ ಮೊಗ್ಗುಗಳೂ ಮೂಡುತ್ತವೆ. ಎಂಟನೆಯ ವಾರ ಮುಗಿಯುವಷ್ಟರಲ್ಲಿ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಈ ಅವಧಿಯಲ್ಲಿ ಮೊಗ್ಗಿನ ಬೆಳವಣಿಗೆ ನಿಂತರೆ ಅಥವಾ ದಾರಿ ತಪ್ಪಿದರೆ ಉಂಟಾಗುವ ಸ್ಥಿತಿಯನ್ನು ಹುಟ್ಟಿನಿಂದ ಬಂದ ಅಂಗನ್ಯೂನತೆ ಎಂದು ಕರೆಯಲಾಗುತ್ತದೆ. ಕತ್ತರಿಸಿದಂತೆ ಅಡ್ಡಲಾಗಿ ತೋಳು ಮೊಟಕಾಗುವುದು ಇದರ ಒಂದು ಬಗೆಯಾದರೆ, ಮೊಳಕೈಯಿಂದ ಹೆಬ್ಬೆರಳಿನ ಕಡೆಗೆ ಸಾಗುವ ಮೂಳೆಯೋ ಹೆಬ್ಬೆರಳೋ ಉದ್ದಕ್ಕೂ ಇಲ್ಲವಾಗುವುದು ಇನ್ನೊಂದು. ಮೊದಲನೆಯ ಬಗೆಯಲ್ಲಿ ತೋಳು ಮೊಳಕೈಯ ತುಸು ಕೆಳಗೆ ನಿಲ್ಲುವುದೇ ಹೆಚ್ಚು, ಅದೂ ಎಡಗೈಯಲ್ಲಿ.

ಹೀಗೇಕಾಯಿತೆಂದು ಕೇಳುವ ತಂದೆತಾಯಂದಿರಿಗೆ ವೈದ್ಯರು ಬಹುಪಾಲು ಸಂದರ್ಭಗಳಲ್ಲಿ ನಿರ್ದಿಷ್ಟ ಕಾರಣವನ್ನು ಹೇಳಲಾರರು. ಗರ್ಭಚೀಲದ ಒಳಪೊರೆ ಹರಿದು ಅದರ ಎಳೆಗಳು ಬೆಳೆಯುವ ಅಂಗಕ್ಕೆ ಸುತ್ತಿಕೊಳ್ಳುವುದು, ಕೆಲವು ವಂಶವಾಹಿ ದೋಷಗಳು, ಕೆಲವು ಔಷಧಗಳು ತಿಳಿದಿರುವ ಕಾರಣಗಳು. ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಮಾರುಕಟ್ಟೆಗೆ ಬಂದು 1961ರ ಕೊನೆಗೆ ಹಿಂತೆಗೆಯಲ್ಪಟ್ಟ ಥಾಲಿಡೊಮೈಡ್ ಇವುಗಳಲ್ಲಿ ಕುಖ್ಯಾತವಾದುದು. ಗ್ರಹಣದ ವೇಳೆ ಬಸುರಿ ತರಕಾರಿ ಹೆಚ್ಚಿದ್ದೇ ಕಾರಣವೆಂಬ ನಂಬಿಕೆಗೆ ಆಧಾರವಿಲ್ಲ. ಹಿರಿಯರು ಈಳಿಗೆಮಣೆಯನ್ನು ಮುಟ್ಟಬೇಡವೆಂದು ತಡೆಯುವಷ್ಟು ಬಸಿರು ಹೊರಗೆ ಕಾಣುವ ಹೊತ್ತಿಗೆ ಮಗುವಿನ ಕೈಕಾಲುಗಳು ಆಗಲೇ ರೂಪುಗೊಂಡಿರುತ್ತವೆ. ಇಷ್ಟಾದರೂ ಆರೋಪವೆಲ್ಲ ಬಾಣಂತಿಯ ಮೇಲೆಯೇ ಬೀಳುವುದು ಈ ನ್ಯೂನತೆಗಿಂತ ದೊಡ್ಡ ಸಂಕಟ.

ಮುಂಗೈಯೊಂದೇ ಇಲ್ಲದ ಕೂಸಿನ ಉಳಿದ ಅಂಗಗಳು ಸಾಮಾನ್ಯವಾಗಿ ಸರಿಯಾಗಿರುತ್ತವೆ. ಆದರೆ ಹೆಬ್ಬೆರಳಿನ ಕಡೆಯ ಮೂಳೆ ಇಲ್ಲದಿದ್ದಾಗ ಹೃದಯ, ಮೂತ್ರಪಿಂಡ ಮತ್ತು ರಕ್ತದ ದೋಷಗಳೂ ಜೊತೆಗಿರುವ ಸಂಭವವುಂಟು. ಆದ್ದರಿಂದ ಹೃದಯದ ಎಕೋ, ಹೊಟ್ಟೆಯ ಸ್ಕ್ಯಾನ್ ಮತ್ತು ರಕ್ತಕಣಗಳ ಪರೀಕ್ಷೆಗಳನ್ನು ಮುಂದೂಡಬಾರದು.

ಪಾಲನೆಯಲ್ಲಿ ಮುಖ್ಯವಾದ ತತ್ತ್ವವೆಂದರೆ, ಇಲ್ಲದ ಕೈಯನ್ನು ತುಂಬಿಕೊಡುವ ಆತುರಕ್ಕಿಂತ ಇರುವ ತೋಳನ್ನು ಬಳಸಲು ಕೂಸಿಗೆ ಅವಕಾಶ ಕೊಡುವುದು. ಹುಟ್ಟಿದಂದಿನಿಂದ ತನ್ನ ಮೈ ಹೀಗೆಯೇ ಇರುವುದರಿಂದ, ಅಪಘಾತದಲ್ಲಿ ಕೈ ಕಳೆದುಕೊಂಡವರಂತೆ ಈ ಮಗು ಏನನ್ನೂ ಕಳೆದುಕೊಂಡಿರುವುದಿಲ್ಲ, ಹಳೆಯ ಅಭ್ಯಾಸವನ್ನು ಮರೆತು ಹೊಸದನ್ನು ಕಲಿಯಬೇಕಾಗಿಯೂ ಇಲ್ಲ. ತೋಳಿನ ತುದಿಯ ಚರ್ಮಕ್ಕೆ ಚೆನ್ನಾಗಿ ಸ್ಪರ್ಶಜ್ಞಾನವಿದ್ದು, ಕೂಸು ಅದನ್ನು ಬಾಯಿಗಿಟ್ಟುಕೊಂಡು, ಬಟ್ಟೆಗೆ ಒರೆಸಿ, ತಾಯಿಯ ಎದೆಗೆ ಒತ್ತಿ ಲೋಕವನ್ನು ಅರಿಯುತ್ತದೆ. ನಾಮಕರಣದ ದಿನ ಬಂಧುಗಳ ಕಣ್ಣಿಗೆ ಬೀಳದಿರಲೆಂದು ಶಾಲು ಹೊದಿಸುವುದು, ಉದ್ದ ತೋಳಿನ ಅಂಗಿಯ ತುದಿಗೆ ಗಂಟು ಹಾಕುವುದು ಮನೆಯವರ ಮುಜುಗರವನ್ನು ಮುಚ್ಚಬಹುದು, ಆದರೆ ಕೂಸಿನ ಅರಿವಿನ ದಾರಿಯನ್ನೂ ಮುಚ್ಚಿಬಿಡುತ್ತದೆ. ಎಣ್ಣೆ ಹಚ್ಚಿ ನೀರು ಹಾಕುವವರು ಆ ತೋಳನ್ನೂ ಅಂಜದೆ ನೀವಬೇಕು. ಎಚ್ಚರವಾಗಿರುವಾಗ ಹತ್ತಿರವೇ ಕುಳಿತು ಬೋರಲು ಮಲಗಿಸಿ ಎರಡೂ ತೋಳುಗಳ ಮೇಲೆ ಭಾರ ಹಾಕಲು ಬಿಡಬೇಕು, ಒಂದು ತೋಳು ಗಿಡ್ಡವಾದುದರಿಂದ ಮೈ ವಾಲಿದರೆ ಅದರ ಕೆಳಗೆ ಮಡಚಿದ ಬಟ್ಟೆಯನ್ನು ಇಡಬೇಕು. ಚೆಂಡಿನಂಥ ದೊಡ್ಡ ಆಟಿಕೆಗಳನ್ನು ಎದೆಯ ನೇರಕ್ಕೆ ಹಿಡಿದರೆ ಕೂಸು ಎರಡೂ ತೋಳುಗಳನ್ನು ಒಟ್ಟಿಗೆ ತರುತ್ತದೆ. ಅಂಬೆಗಾಲಿಡದೆ ಕುಂಡೆಯ ಮೇಲೆ ತೆವಳುವ ಮಕ್ಕಳೂ ಇದ್ದಾರೆ. ಅದನ್ನು ಹಿಂದುಳಿಯುವಿಕೆಯೆಂದು ತಿಳಿಯಬಾರದು. ಮುಂದೆ ಗುಂಡಿ ಹಾಕುವಾಗ, ಡಬ್ಬಿಯ ಮುಚ್ಚಳ ತೆಗೆಯುವಾಗ ಕಂಕುಳು, ಮೊಣಕಾಲು, ಗಲ್ಲ, ಹಲ್ಲು ಎಲ್ಲವೂ ನೆರವಿಗೆ ಬರುತ್ತವೆ. ಇದಕ್ಕೆ ಹಿಡಿಯುವ ಹೊತ್ತನ್ನು ಸಹಿಸದೆ ದೊಡ್ಡವರೇ ಮಾಡಿಕೊಡುವ ಮನೆಗಳಲ್ಲಿ ಮಗು ಕಲಿಯುವುದು ತಡವಾಗುತ್ತದೆ.

ಕೃತಕ ಕೈಯನ್ನು ಕೂಸು ಕೂರಲು ಕಲಿಯುವ ಆರು ತಿಂಗಳ ಸುಮಾರಿಗೆ, ಕೃತಕ ಕಾಲನ್ನು ಅದು ಏನನ್ನಾದರೂ ಹಿಡಿದು ನಿಲ್ಲತೊಡಗುವ ಒಂಬತ್ತು ತಿಂಗಳಿಂದ ವರ್ಷದ ಒಳಗೆ ತೊಡಿಸುವುದು ರೂಢಿ. ಎರಡರ ತೂಕ ಮಾತ್ರ ಒಂದೇ ಅಲ್ಲ. ನಡೆಯಲು ಕೃತಕ ಕಾಲು ಬಹುತೇಕ ಅನಿವಾರ್ಯ. ಕೃತಕ ಕೈಗೆ ಸ್ಪರ್ಶವಿಲ್ಲದ ಕಾರಣ ಎಷ್ಟೋ ಮಕ್ಕಳು ಅದನ್ನು ಕಳಚಿಟ್ಟು ಬರಿ ತೋಳಿನಿಂದಲೇ ಚುರುಕಾಗಿ ಕೆಲಸ ಮಾಡುತ್ತಾರೆ. ಸೈಕಲ್ಲಿನ ಹಿಡಿಕೆ, ವಾದ್ಯ, ವ್ಯಾಯಾಮ ಇಂಥ ನಿರ್ದಿಷ್ಟ ಕೆಲಸಗಳಿಗೆ ಬೇಕಾದಾಗ ತೊಡುವ ಉಪಕರಣವೆಂದು ಅದನ್ನು ಭಾವಿಸುವುದೇ ಸೂಕ್ತ. ತೋಳುಗಳಿಲ್ಲದೆ ಹುಟ್ಟಿದ ಜಮ್ಮು ಕಾಶ್ಮೀರದ ಶೀತಲ್ ದೇವಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಬಿಲ್ಲುಗಾರಿಕೆಯ ಕಂಚಿನ ಪದಕ ಪಡೆದದ್ದು ಕಾಲಿನಲ್ಲಿ ಬಿಲ್ಲು ಹಿಡಿದು, ಕೃತಕ ತೋಳಿನಿಂದಲ್ಲ.

ಮಗು ಬೆಳೆದಂತೆ ಕೃತಕ ಅಂಗ ಚಿಕ್ಕದಾಗುವುದರಿಂದ ಎಳೆಯ ವಯಸ್ಸಿನಲ್ಲಿ ಅದನ್ನು ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಈ ಖರ್ಚನ್ನು ಮೊದಲೇ ಎಣಿಸಿಕೊಳ್ಳುವುದು ಒಳಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತೆರೆದ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಮಕ್ಕಳ ಬೆಳವಣಿಗೆಯ ತಪಾಸಣೆ ಮತ್ತು ಫಿಸಿಯೋಥೆರಪಿ ಉಚಿತ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಶಾಲೆಯ ವಯಸ್ಸಿನವರೆಗೆ ಕಾಯಬೇಕಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ವೈಕಲ್ಯ ಶೇ. 40 ಅಥವಾ ಹೆಚ್ಚೆಂದು ಪ್ರಮಾಣಿತವಾದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವೈಕಲ್ಯದ ಕಾರಣಕ್ಕೆ ಪ್ರವೇಶದಲ್ಲಿ ತಾರತಮ್ಯ ಮಾಡುವಂತಿಲ್ಲ.