ಕೊಣ್ಣೂರ ಭಾಗದ ನಾಗರಿಕರಿಗೆ ಇ-ಸಂಜೀವನಿ ಹಾಗೂ ಆಭಾ ಸಂಖ್ಯೆಯ ಕುರಿತು ಮಾಹಿತಿ

ಕೊಣ್ಣೂರ ಹಾಗೂ ಸುತ್ತಲಿನ ಗ್ರಾಮಗಳ ರೋಗಿಗಳು ತಜ್ಞ ವೈದ್ಯರ ಸಲಹೆಗಾಗಿ ಗೋಕಾಕಕ್ಕೆ, ಅಲ್ಲಿಯೂ ದೊರೆಯದಿದ್ದಲ್ಲಿ ಬೆಳಗಾವಿಗೆ ಹೋಗಿಬರುವುದು ವಾಡಿಕೆ. ಇದರಿಂದ ರೋಗಿಯದಲ್ಲದೆ ಜೊತೆಗೆ ಹೋದವರ ಒಂದು ದಿನದ ದುಡಿಮೆಯೂ ಹೋಗುತ್ತದೆ. ಇಂತಹ ಕೆಲವು ಪ್ರಯಾಣಗಳನ್ನು ದೂರವೈದ್ಯ ಸಮಾಲೋಚನೆಯಿಂದ ತಪ್ಪಿಸಬಹುದಾಗಿದೆ.

ಇದು ನಮ್ಮ ರಾಜ್ಯಕ್ಕೆ ಹೊಸದಲ್ಲ. 2002ರಲ್ಲಿಯೇ ಇಸ್ರೋ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಅಂದು ಉಪಗ್ರಹ ಬೇಕಾಗಿದ್ದ ಕಾರ್ಯಕ್ಕೆ ಇಂದು ಮೊಬೈಲ್ ಸಾಕಾಗುತ್ತದೆ.

ಕೇಂದ್ರ ಸರ್ಕಾರದ ಇ-ಸಂಜೀವನಿ ಸೇವೆಯು ಉಚಿತವಾಗಿದ್ದು, ಎರಡು ರೀತಿಯಲ್ಲಿ ದೊರೆಯುತ್ತದೆ. ಮನೆಯಿಂದಲೇ ಮೊಬೈಲ್ ಸಂಖ್ಯೆ ನೋಂದಾಯಿಸಿ, ಟೋಕನ್ ಪಡೆದು ವೈದ್ಯರೊಡನೆ ಮಾತನಾಡುವುದು ಒಂದು. ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋಗಿ, ಸಮುದಾಯ ಆರೋಗ್ಯ ಅಧಿಕಾರಿಯ ಮೂಲಕ ವೈದ್ಯರನ್ನು ಸಂಪರ್ಕಿಸುವುದು ಇನ್ನೊಂದು. ವಯೋವೃದ್ಧರಿಗೆ ಹಾಗೂ ರಕ್ತದೊತ್ತಡ, ಮಧುಮೇಹ ಉಳ್ಳವರಿಗೆ ಎರಡನೆಯದೇ ಲೇಸು. ಅಧಿಕಾರಿಯು ರಕ್ತದೊತ್ತಡ ಅಳೆದು, ರಕ್ತದ ಸಕ್ಕರೆ ಪರೀಕ್ಷಿಸಿ ತಿಳಿಸುವುದರಿಂದ, ವೈದ್ಯರು ಕೇವಲ ರೋಗಿಯ ಮಾತನ್ನು ಅವಲಂಬಿಸಬೇಕಾಗಿಲ್ಲ.

ಆದಾಗ್ಯೂ ಪರದೆಯ ಮೂಲಕ ಹೊಟ್ಟೆ ಮುಟ್ಟಿ ನೋಡಲಾಗದು, ಎದೆಯ ಸದ್ದು ಆಲಿಸಲಾಗದು. ಆದ್ದರಿಂದಲೇ 25 ಮಾರ್ಚ್ 2020ರಂದು ಹೊರಡಿಸಲಾದ ಟೆಲಿಮೆಡಿಸಿನ್ ಮಾರ್ಗಸೂಚಿಗಳು ವೈದ್ಯರ ಮೇಲೆ ಕೆಲವು ಕರ್ತವ್ಯಗಳನ್ನು ವಿಧಿಸಿವೆ. ವೈದ್ಯರು ತಮ್ಮ ಹೆಸರು ತಿಳಿಸಿ, ಔಷಧ ಚೀಟಿಯಲ್ಲಿ ನೋಂದಣಿ ಸಂಖ್ಯೆ ನಮೂದಿಸತಕ್ಕದ್ದು. ಮಾರ್ಫಿನ್‌ನಂತಹ ಔಷಧಗಳನ್ನು ಈ ರೀತಿ ಬರೆದುಕೊಡುವಂತಿಲ್ಲ. ಬಹುಜನರಿಗೆ ತಿಳಿಯದ ಅಂಶವೊಂದಿದೆ: ರೋಗಿಯು ಖುದ್ದಾಗಿ ಬಂದು ತೋರಿಸಿಕೊಳ್ಳಲು ಬಯಸಿದಾಗಲೂ ದೂರ ಸಮಾಲೋಚನೆಗೇ ಒತ್ತಾಯಿಸುವುದು ವೈದ್ಯರ ದುರ್ನಡತೆಯೆನಿಸುತ್ತದೆ. ಎದೆನೋವು, ಉಸಿರಾಟದ ತೊಂದರೆ, ಹಾವು ಕಡಿತದಂತಹ ಸಂದರ್ಭಗಳಲ್ಲಿ ಟೋಕನ್‌ಗಾಗಿ ಕಾಯದೆ 108ಕ್ಕೆ ಕರೆ ಮಾಡತಕ್ಕದ್ದು.

ಆಭಾ ಎಂಬುದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿ ನೀಡಲಾಗುವ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆ. ಇದನ್ನು ಚಿಕಿತ್ಸಾ ವೆಚ್ಚ ಭರಿಸುವ ಆಯುಷ್ಮಾನ್ ಕಾರ್ಡ್ ಎಂದು ಭಾವಿಸಿ, ಶಸ್ತ್ರಚಿಕಿತ್ಸೆಯ ವೇಳೆ ನಿರಾಶರಾಗಬಾರದು. ಎರಡೂ ಬೇರೆ ಬೇರೆ. ಆಭಾ ಪಡೆಯುವುದು ಐಚ್ಛಿಕ. ಅದಿಲ್ಲವೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ದಾಖಲೆಗಳು ಅವುಗಳನ್ನು ಸಿದ್ಧಪಡಿಸಿದ ಆಸ್ಪತ್ರೆಯಲ್ಲಿಯೇ ಇದ್ದು, ತಮ್ಮ ಸಮ್ಮತಿಯ ಮೇರೆಗೆ ಮಾತ್ರ ಬೇರೆ ವೈದ್ಯರಿಗೆ ತೋರುತ್ತವೆ. ಆ ಸಮ್ಮತಿಯನ್ನು ಹಿಂಪಡೆಯಲೂ ಅವಕಾಶವಿದೆ.

ಮನೆಗೊಂದೇ ಮೊಬೈಲ್ ಇರುವ ಕುಟುಂಬಗಳಲ್ಲಿ, ಒ.ಟಿ.ಪಿ. ಯಾರ ಕೈಗೆ ಬರುವುದೋ ಅವರಿಗೆ ಇತರರ ಕಾಯಿಲೆಯ ವಿವರವೂ ತಿಳಿಯುವ ಸಂಭವವಿರುತ್ತದೆ. ಮನೆಯವರ ಎದುರು ಹೇಳಲಾಗದ ತೊಂದರೆಯುಳ್ಳ ಮಹಿಳೆಯರು ಆರೋಗ್ಯ ಕೇಂದ್ರಕ್ಕೇ ಬಂದು ಪ್ರತ್ಯೇಕವಾಗಿ ಮಾತನಾಡಬಹುದಾಗಿದೆ. ಮಾನಸಿಕ ಸಮಸ್ಯೆಗಳಿಗೆ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಲಭ್ಯವಿರುತ್ತದೆ.

ಸಮಾಲೋಚನೆಗೆ ಬರುವಾಗ ಹಳೆಯ ಔಷಧ ಚೀಟಿಗಳನ್ನೂ, ಸದ್ಯ ಸೇವಿಸುತ್ತಿರುವ ಮಾತ್ರೆಗಳನ್ನು ಅವುಗಳ ಹೊದಿಕೆ ಸಹಿತವಾಗಿಯೂ ತರಲು ಕೋರಲಾಗಿದೆ.