ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಗುರಿನಿರ್ದಿಷ್ಟ ಔಷಧ: ಕೊಪ್ಪಳ ಜಿಲ್ಲೆಯ ಹಿನ್ನೆಲೆಯಲ್ಲಿ ಒಂದು ಪರಿಶೀಲನೆ

1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯು ಆರಂಭದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳನ್ನು ಒಳಗೊಂಡಿತ್ತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಬತ್ತದ ಕಣಜವೆನಿಸಿದರೆ, ಕುಷ್ಟಗಿ ಹಾಗೂ ಯಲಬುರ್ಗಾ ಬಹುಮಟ್ಟಿಗೆ ಮಳೆಯನ್ನು ನೆಚ್ಚಿದ ಸೀಮೆಗಳು. ಇಂತಹ ಕೃಷಿಪ್ರಧಾನ ಜಿಲ್ಲೆಯ ರೋಗಿಗೆ ಕ್ಯಾನ್ಸರಿನ ಹೊಸ ಔಷಧವೆಂಬುದು ಕೇವಲ ಗುಳಿಗೆಯ ಪ್ರಶ್ನೆಯಲ್ಲ; ಅದಕ್ಕೆ ಮೊದಲಿನ ಪರೀಕ್ಷೆ ಮತ್ತು ಅನಂತರದ ನಿಗಾವಣೆಯ ಪ್ರಶ್ನೆಯೂ ಆಗಿದೆ.

ಮೇದೋಜೀರಕ ಗ್ರಂಥಿಯು ಜಠರದ ಹಿಂಬದಿಯಲ್ಲಿ, ಸುಮಾರು 15 ಸೆಂ.ಮೀ. ಉದ್ದಕ್ಕೆ ಅಡ್ಡಲಾಗಿ ಮಲಗಿರುವ ಅಂಗ. ಆಹಾರವನ್ನು ಜೀರ್ಣಿಸುವ ರಸಗಳನ್ನೂ ಇನ್ಸುಲಿನ್ನನ್ನೂ ಅದು ಸ್ರವಿಸುತ್ತದೆ. ಒಳಗೆ ಅಡಗಿರುವುದರಿಂದ ಅಲ್ಲಿನ ಗಡ್ಡೆ ಬೇಗನೆ ಗೋಚರಿಸದು. ಗ್ರಂಥಿಯ ತಲೆಭಾಗದ ಗಡ್ಡೆಯು ಪಿತ್ತನಾಳವನ್ನು ಒತ್ತಿದಾಗ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಇದನ್ನು ಸಾಮಾನ್ಯ ಕಾಮಾಲೆಯೆಂದು ಬಗೆದು ನಾಟಿ ಔಷಧದಲ್ಲಿಯೇ ವಾರಗಳನ್ನು ಕಳೆದರೆ ಶಸ್ತ್ರಚಿಕಿತ್ಸೆಯ ಅವಕಾಶವೇ ತಪ್ಪಿಹೋಗಬಹುದು. ರೋಗ ಪತ್ತೆಯಾಗುವ ವೇಳೆಗೆ ಶಸ್ತ್ರಚಿಕಿತ್ಸೆಗೆ ಅರ್ಹರಾಗಿ ಉಳಿಯುವವರು ನೂರಕ್ಕೆ 15ರಿಂದ 20 ಮಂದಿ ಮಾತ್ರ.

ಉಳಿದವರಿಗೆ ಮುಖ್ಯ ಆಧಾರ ಕೀಮೋಥೆರಪಿ. ಅದು ವೇಗವಾಗಿ ವಿಭಜಿಸುವ ಎಲ್ಲ ಜೀವಕೋಶಗಳ ಮೇಲೂ ಎರಗುತ್ತದೆ. ಗುರಿನಿರ್ದಿಷ್ಟ ಔಷಧವಾದರೋ ಗಡ್ಡೆಯ ಬೆಳವಣಿಗೆಗೆ ಕಾರಣವಾದ ಒಂದು ಪ್ರೋಟೀನನ್ನು ಅಥವಾ ವಂಶವಾಹಿಯ ಒಂದು ದೋಷವನ್ನು ಗುರುತಿಸಿ ತಡೆಯುತ್ತದೆ. ಆದ್ದರಿಂದ ಗುರಿ ಇಲ್ಲದ ಗಡ್ಡೆಯಲ್ಲಿ ಆ ಔಷಧಕ್ಕೆ ಕೆಲಸವಿಲ್ಲ. ಆದರೆ ಅದರ ವೆಚ್ಚ ಮತ್ತು ದುಷ್ಪರಿಣಾಮ ಮಾತ್ರ ರೋಗಿಗೆ ತಪ್ಪುವುದಿಲ್ಲ.

ಈ ವರ್ಗದ ಮೊದಲ ಔಷಧವಾದ ಎರ್ಲೋಟಿನಿಬ್‌ಗೆ ಜೆಮ್ಸಿಟಾಬಿನ್ ಜೊತೆಯಲ್ಲಿ ಬಳಸಲು 2005ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. 569 ರೋಗಿಗಳ ಪ್ರಯೋಗದಲ್ಲಿ ಮಧ್ಯಮ ಆಯುರವಧಿ 5.91 ತಿಂಗಳಿನಿಂದ 6.24 ತಿಂಗಳಿಗೆ, ಅಂದರೆ ಸುಮಾರು 10 ದಿನಗಳಷ್ಟು ಮಾತ್ರ ಹೆಚ್ಚಿತು. ಚರ್ಮದ ಗುಳ್ಳೆ ಮತ್ತು ಭೇದಿ ಸಾಮಾನ್ಯ ತೊಂದರೆಗಳು. ವಿರಳವಾಗಿ ಶ್ವಾಸಕೋಶದ ತೀವ್ರ ಉರಿಯೂತ ಪ್ರಾಣಾಂತಿಕವಾಗಬಲ್ಲದು. ಧೂಮಪಾನವು ರಕ್ತದಲ್ಲಿ ಈ ಔಷಧದ ಪ್ರಮಾಣವನ್ನು ಕುಗ್ಗಿಸುತ್ತದೆ. ಆಮ್ಲತೆ ತಗ್ಗಿಸುವ ಗುಳಿಗೆಗಳು ಅದರ ಹೀರಿಕೆಯನ್ನು ತಡೆಯುತ್ತವೆ.

2019ರಲ್ಲಿ ಅನುಮೋದನೆ ಪಡೆದ ಓಲಾಪರಿಬ್ ಹೆಚ್ಚು ನಿಖರವಾದುದು. ಬಿ.ಆರ್.ಸಿ.ಎ. ವಂಶವಾಹಿಯ ದೋಷವನ್ನು ಹುಟ್ಟಿನಿಂದಲೇ ಪಡೆದವರಲ್ಲಿ, ಪ್ಲಾಟಿನಮ್ ಆಧಾರಿತ ಕೀಮೋಥೆರಪಿಯಿಂದ ರೋಗ ಹತೋಟಿಗೆ ಬಂದ ಬಳಿಕ ಇದನ್ನು ಕೊಡಲಾಗುತ್ತದೆ. ಪ್ರಯೋಗಕ್ಕಾಗಿ 3315 ರೋಗಿಗಳನ್ನು ಪರೀಕ್ಷಿಸಿದಾಗ ಈ ದೋಷ ಕಂಡುಬಂದದ್ದು 247 ಜನರಲ್ಲಿ. ರೋಗ ಮುಂದುವರಿಯದೆ ನಿಂತ ಅವಧಿ 3.8 ತಿಂಗಳಿನಿಂದ 7.4 ತಿಂಗಳಿಗೆ ಏರಿತಾದರೂ ಒಟ್ಟು ಆಯುಸ್ಸಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ರಕ್ತಹೀನತೆ, ಬಳಲಿಕೆ, ವಾಕರಿಕೆ ಇದರ ಸಾಮಾನ್ಯ ಪರಿಣಾಮಗಳು. ಅಪರೂಪಕ್ಕೆ ಅಸ್ಥಿಮಜ್ಜೆಯ ರೋಗ ಮತ್ತು ರಕ್ತದ ಕ್ಯಾನ್ಸರ್ ಉಂಟಾಗಬಹುದು. ಈ ವಂಶವಾಹಿ ದೋಷ ಪತ್ತೆಯಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆಯ ಸಲಹೆ ಅಗತ್ಯವಾಗುತ್ತದೆ.

ಗ್ರಂಥಿಯ ಹಾರ್ಮೋನು ಕೋಶಗಳಿಂದ ಹುಟ್ಟುವ ಗಡ್ಡೆಗಳು ಬೇರೆಯೇ ಜಾತಿಯವು. ಅವುಗಳಿಗೆ 2011ರಲ್ಲಿ ಎವರೊಲಿಮಸ್ ಮತ್ತು ಸುನಿಟಿನಿಬ್ ಬಳಕೆಗೆ ಬಂದವು. ಎವರೊಲಿಮಸ್ ರಕ್ತದ ಸಕ್ಕರೆಯನ್ನು ಏರಿಸಬಲ್ಲುದಾದ್ದರಿಂದ ಮಧುಮೇಹಿಗಳಲ್ಲಿ ವಿಶೇಷ ಎಚ್ಚರ ಬೇಕು. ಬಯಾಪ್ಸಿಯಿಂದ ಗಡ್ಡೆಯ ಜಾತಿಯನ್ನು ತಿಳಿಯದೆ ಚಿಕಿತ್ಸೆಯನ್ನು ಆಯ್ಕೆಮಾಡಲಾಗದೆಂಬುದು ಇದರಿಂದ ಸ್ಪಷ್ಟ.

ಜಿಲ್ಲೆಯ ಸಂದರ್ಭದಲ್ಲಿ ಇದರ ಅರ್ಥವೇನು? ಈ ಔಷಧಗಳಲ್ಲಿ ಹೆಚ್ಚಿನವು ಬಾಯಿಯಿಂದ ಸೇವಿಸುವಂಥವು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೋ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯಲ್ಲಿಯೋ ಚೀಟಿ ಬರೆಸಿಕೊಂಡು ಬಂದ ರೋಗಿ ಕುಷ್ಟಗಿಯ ತನ್ನ ಹಳ್ಳಿಯಲ್ಲಿ ಕುಳಿತು ಗುಳಿಗೆ ನುಂಗಬಹುದು. ಈ ಸೌಕರ್ಯದಲ್ಲಿಯೇ ಅಪಾಯವೂ ಅಡಗಿದೆ. ಓಲಾಪರಿಬ್ ಸೇವಿಸುವವರಿಗೆ ಪ್ರತಿ ತಿಂಗಳು ರಕ್ತಕಣಗಳ ಎಣಿಕೆ ಆಗಲೇಬೇಕು. ಜ್ವರ, ಏದುಸಿರು, ನಿಲ್ಲದ ಭೇದಿ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಇಂತಹ ಸಾಮಾನ್ಯ ರಕ್ತಪರೀಕ್ಷೆಗೆ ಮಹಾನಗರದ ಪ್ರಯಾಣ ಅನಿವಾರ್ಯವಲ್ಲ. 2015ರಲ್ಲಿ ಆರಂಭವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ತಾಲ್ಲೂಕು ಆಸ್ಪತ್ರೆಗಳು ತಜ್ಞ ಕೇಂದ್ರದೊಡನೆ ಸಂಪರ್ಕವಿರಿಸಿಕೊಂಡು ಈ ಹೊಣೆಯನ್ನು ಹಂಚಿಕೊಳ್ಳುವುದು ಯುಕ್ತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಅರ್ಹ ಬಡ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳ ಮಿತಿಯಿದೆ. ನಿರ್ದಿಷ್ಟ ಔಷಧ ಅದರಲ್ಲಿ ಸೇರುವುದೇ ಎಂಬುದನ್ನು ಹೊಲ ಅಡವಿಡುವ ಮುನ್ನ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸುವುದು ಲೇಸು.

ಒಟ್ಟಿನಲ್ಲಿ, ಗುರಿನಿರ್ದಿಷ್ಟ ಔಷಧವು ಈ ರೋಗವನ್ನು ಬೇರುಸಹಿತ ಕೀಳುವ ಸಾಧನವಲ್ಲ. ಆಯ್ದ ಕೆಲವರಿಗೆ ಕೆಲವು ತಿಂಗಳುಗಳ ನೆಮ್ಮದಿಯನ್ನು ದೊರಕಿಸುವ ಸಾಧನ. ಆ ಕೆಲವರು ಯಾರೆಂಬುದನ್ನು ಪರೀಕ್ಷೆ ಹೇಳಬೇಕು. ಆ ತಿಂಗಳುಗಳು ನೆಮ್ಮದಿಯವೋ ಸಂಕಟದವೋ ಎಂಬುದನ್ನು ಊರಿಗೆ ಹತ್ತಿರದ ಆಸ್ಪತ್ರೆಯ ನಿಗಾವಣೆ ನಿರ್ಧರಿಸುತ್ತದೆ.